ಸ್ಟೀರಾಯ್ಡ್–ಆ್ಯಂಟಿಬಯೋಟಿಕ್ ಕ್ರೀಮ್: ಯಾವ ತುರಿಕೆಗೆ, ಎಷ್ಟು, ಎಷ್ಟು ದಿನ?

ಮೆಡಿಕಲ್ಸ್_ಗೋಣಿಕೊಪ್ಪ

ಜೂನ್ ಮಳೆ ಹಿಡಿಯಿತೆಂದರೆ ಔಷಧಿ ಅಂಗಡಿಯಲ್ಲಿ ದಿನವೂ ಕೇಳುವ ಮಾತು ಒಂದೇ: "ಹೋದ ವರ್ಷ ಕೊಟ್ಟಿದ್ರಲ್ಲ, ಆ ತುರಿಕೆ ಟ್ಯೂಬ್ ಒಂದು ಕೊಡಿ." ಅದನ್ನು ಹಾಗೆ ಕೊಡಲಾಗದು ಏಕೆ, ವೈದ್ಯರು ಬರೆದುಕೊಟ್ಟಾಗ ಹೇಗೆ ಬಳಸಬೇಕು ಎಂಬುದನ್ನು ಒಂದೇ ಕಡೆ ಬರೆದಿಡೋಣ ಎಂದು ಈ ಚರ್ಚೆ ಶುರುಮಾಡಿದ್ದೇನೆ. ಗೊತ್ತಿದ್ದವರು ಸೇರಿಸಿ.

ಮೊದಲು ಟ್ಯೂಬಿನ ಮೇಲಿನ ಹೆಸರು ಓದಲು ಕಲಿಯಬೇಕು. ಕಂಪನಿ ಇಟ್ಟ ದೊಡ್ಡಕ್ಷರದ ಹೆಸರಲ್ಲ, ಅದರ ಕೆಳಗೆ ಸಣ್ಣಕ್ಷರದಲ್ಲಿರುವ ಮದ್ದಿನ ಹೆಸರು. ಬೆಟಾಮೆಥಸೋನ್, ಕ್ಲೊಬೆಟಸಾಲ್, ಮೊಮೆಟಸೋನ್, ಫ್ಲುಸಿನೊಲೋನ್, ಹೈಡ್ರೊಕಾರ್ಟಿಸೋನ್ ಇವು ಸ್ಟೀರಾಯ್ಡ್. ನಿಯೊಮೈಸಿನ್, ಜೆಂಟಾಮೈಸಿನ್, ಫ್ಯೂಸಿಡಿಕ್ ಆ್ಯಸಿಡ್ ಇವು ಆ್ಯಂಟಿಬಯೋಟಿಕ್. ಒಂದೇ ಟ್ಯೂಬಿನಲ್ಲಿ ಎರಡೂ ಗುಂಪಿನ ಹೆಸರು ಇದ್ದರೆ ಅದೇ ನಾವು ಮಾತಾಡುತ್ತಿರುವ ಕ್ರೀಮ್. ಫ್ಯೂಸಿಡಿಕ್ ಆ್ಯಸಿಡ್ ಶೇ. 2, ಬೆಟಾಮೆಥಸೋನ್ ಶೇ. 0.1 ಇರುವುದು ಇವುಗಳಲ್ಲಿ ತುಂಬ ಪರಿಚಿತ ಜೋಡಿ.

ಎಲ್ಲರೂ ಎಡವುವ ಜಾಗ ಒಂದಿದೆ. ಕ್ಲೊಬೆಟಸಾಲ್, ಕ್ಲೋಟ್ರಿಮಜೋಲ್ ಎರಡೂ ಓದಲು ಒಂದೇ ತರಹ ಕಾಣುತ್ತವೆ. ಮೊದಲನೆಯದು ಇರುವ ಸ್ಟೀರಾಯ್ಡ್‌ಗಳಲ್ಲೇ ಅತಿ ಬಲದ್ದು. ಎರಡನೆಯದು ಹುಳುಕಡ್ಡಿಗೆ ಹಚ್ಚುವ ಫಂಗಸ್ ಮದ್ದು. ಒಂದರ ಬದಲು ಇನ್ನೊಂದು ಹಚ್ಚಿದರೆ ಬೆಂಕಿಗೆ ತುಪ್ಪ ಸುರಿದ ಹಾಗೆ.

2018ರಲ್ಲಿ ಕೇಂದ್ರ ಸರ್ಕಾರ ಇಂಥ ಸ್ಟೀರಾಯ್ಡ್ ಕ್ರೀಮುಗಳನ್ನು ಶೆಡ್ಯೂಲ್ ಎಚ್ ಅಡಿಯಲ್ಲಿ ತಂದಿದೆ. ಚೀಟಿ ಇಲ್ಲದೆ ಮಾರುವಂತಿಲ್ಲ. ಟ್ಯೂಬಿನ ಮೇಲೆ ಉದ್ದಕ್ಕೆ ಕೆಂಪು ಗೆರೆ ಇದ್ದರೆ ಅದರ ಅರ್ಥ ಇದೇ.

ಚರ್ಮವೈದ್ಯೆ_ಮಡಿಕೇರಿ

ಒಳ್ಳೆಯ ಕೆಲಸ ಮಾಡಿದಿರಿ ಸರ್. ಯಾವಾಗ ಬೇಕು ಎಂಬುದನ್ನು ನಾನು ಬರೆಯುತ್ತೇನೆ.

ಈ ಜೋಡಿ ಮದ್ದಿಗೆ ಇರುವ ಕೆಲಸ ಬಹಳ ಸಣ್ಣದು. ಇಸಬು (ಎಕ್ಸಿಮಾ) ಮೊದಲೇ ಇದೆ, ಕೆರೆದು ಕೆರೆದು ಅದರ ಮೇಲೆ ಬ್ಯಾಕ್ಟೀರಿಯಾ ಸೋಂಕು ಕೂತಿದೆ, ಜಾಗ ಸಣ್ಣದು: ಆಗ ಇದು ಬೇಕು. ಇಸಬಿನ ಉರಿಯೂತವನ್ನು ಸ್ಟೀರಾಯ್ಡ್ ತಗ್ಗಿಸುತ್ತದೆ, ಸೋಂಕನ್ನು ಆ್ಯಂಟಿಬಯೋಟಿಕ್ ನೋಡಿಕೊಳ್ಳುತ್ತದೆ. ಇಸಬು ಮಾತ್ರ ಇದ್ದರೆ ಬರೀ ಸ್ಟೀರಾಯ್ಡ್ ಸಾಕು. ಸೋಂಕು ಮಾತ್ರ ಇದ್ದರೆ ಸ್ಟೀರಾಯ್ಡ್ ಬೇಡವೇ ಬೇಡ, ಅದು ಚರ್ಮದ ಕಾವಲನ್ನೇ ಮಲಗಿಸುತ್ತದೆ.

ಸೋಂಕು ಸೇರಿದೆ ಎಂದು ಗುರುತಿಸುವುದು ಹೀಗೆ. ನಿನ್ನೆವರೆಗೆ ಒಣಗಿ ತುರಿಸುತ್ತಿದ್ದ ಜಾಗ ಇವತ್ತು ಒಸರಲು ಶುರುವಾಗುತ್ತದೆ. ಒಸರಿದ ನೀರು ಒಣಗಿ ಜೇನಿನ ಬಣ್ಣದ ಹಕ್ಕಳೆ ಕಟ್ಟುತ್ತದೆ. ತುರಿಕೆಯ ಜೊತೆ ನೋವೂ ಬರುತ್ತದೆ, ಸುತ್ತ ಸಣ್ಣ ಕೀವು ಗುಳ್ಳೆ ಏಳುತ್ತವೆ.

ಇನ್ನು ಹುಳುಕಡ್ಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಲೇಬೇಕು, ಈ ಕ್ರೀಮಿನಿಂದ ಆಗುವ ಹಾನಿಯಲ್ಲಿ ದೊಡ್ಡ ಪಾಲು ಇಲ್ಲೇ. ತೊಡೆಸಂದಿನಲ್ಲಿ, ಸೊಂಟದಲ್ಲಿ ದುಂಡಗೆ ಏಳುವ ಹುಳುಕಡ್ಡಿಗೆ ಅಂಚು ಉಬ್ಬಿರುತ್ತದೆ, ಅಂಚಿನಲ್ಲಿ ಹೊಟ್ಟು ಇರುತ್ತದೆ, ನಡು ಭಾಗ ತಿಳಿಯಾಗಿರುತ್ತದೆ. ಸ್ಟೀರಾಯ್ಡ್ ಬಿದ್ದ ಎರಡು ದಿನಕ್ಕೆ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ಮದ್ದು ಹಿಡಿಯಿತು ಎಂದು ಖುಷಿ. ಫಂಗಸ್ ಮಾತ್ರ ಒಳಗೆ ಆರಾಮಾಗಿ ಬೆಳೆಯುತ್ತಿರುತ್ತದೆ. ಬಿಟ್ಟ ವಾರದೊಳಗೆ ದುಪ್ಪಟ್ಟು ಅಗಲವಾಗಿ ಮರಳುತ್ತದೆ, ಮತ್ತೆ ಹಚ್ಚುತ್ತಾರೆ. ನಾಲ್ಕಾರು ಸಲ ಹೀಗಾದ ಮೇಲೆ ಅಂಚು ಮಾಸಿ, ಬಳೆಯೊಳಗೆ ಬಳೆ ಇಟ್ಟ ಹಾಗೆ ಉಂಗುರ ಕಾಣಿಸುತ್ತದೆ. ಹೀಗೆ ವೇಷ ಮರೆಸಿಕೊಂಡ ಹುಳುಕಡ್ಡಿಯನ್ನು ಗುರುತಿಸುವುದು ವೈದ್ಯರಿಗೂ ಕಷ್ಟ. ಅಂಚನ್ನು ಕೆರೆದು ಪುಡಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಹಾಗಾಗಿ ಆಸ್ಪತ್ರೆಗೆ ಬರುವಾಗ ಈವರೆಗೆ ಹಚ್ಚಿದ ಟ್ಯೂಬುಗಳನ್ನೆಲ್ಲ, ಖಾಲಿಯಾದದ್ದೂ ಸೇರಿ, ದಯವಿಟ್ಟು ತನ್ನಿ.

ಮಚ್ಚೆ ಬಿಳಿಚಿದ್ದು ಅಥವಾ ಕೆಂಪಾಗಿದ್ದು ಅಲ್ಲಿ ಸ್ಪರ್ಶ ತಿಳಿಯದಿದ್ದರೆ ಯಾವ ಕ್ರೀಮನ್ನೂ ಮುಟ್ಟಬೇಡಿ, ನೇರ ಸರ್ಕಾರಿ ಆಸ್ಪತ್ರೆಗೆ ಹೋಗಿ. ಕುಷ್ಠ ಅಲ್ಲ ಎಂದು ಮೊದಲು ಖಾತ್ರಿಯಾಗಬೇಕು. ಕುಷ್ಠವೇ ಆದರೂ ಮದ್ದು ಉಚಿತ, ಪೂರ್ತಿ ವಾಸಿಯಾಗುತ್ತದೆ.

ತೋಟ_ಸಿದ್ದಾಪುರ

ಮೇಡಂ, ತೋಟದ ಫಸ್ಟ್ ಏಡ್ ಪೆಟ್ಟಿಗೆಯಲ್ಲಿ ಈ ಟ್ಯೂಬ್ ಇರುವುದು ವಾಡಿಕೆ. ಜಿಗಣೆ ಕಚ್ಚಿದ್ದಕ್ಕೂ ಅದೇ, ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಸಿಡಿದದ್ದಕ್ಕೂ ಅದೇ, ಕಂಬಳಿ ಹುಳು ತಾಗಿದ್ದಕ್ಕೂ ಅದೇ. ಪೆಟ್ಟಿಗೆಯಿಂದ ತೆಗೆದುಬಿಡಬೇಕೇ? ತೆಗೆದರೆ ಬದಲಿಗೆ ಏನಿಡಬೇಕು?

ಚರ್ಮವೈದ್ಯೆ_ಮಡಿಕೇರಿ

ತೆಗೆದುಬಿಡಿ. ಇದು ಒಬ್ಬರ ಹೆಸರಿಗೆ, ಒಂದು ಗಾಯಕ್ಕೆ ಬರೆಯುವ ಮದ್ದು. ಹಂಚಿ ಹಚ್ಚುವುದಲ್ಲ.

ಜಿಗಣೆ: ಕಿತ್ತು ಎಳೆಯಬೇಡಿ. ಉಗುರನ್ನು ಚರ್ಮಕ್ಕೆ ಒತ್ತಿ ಅದರ ಬಾಯಿಯ ಪಕ್ಕಕ್ಕೆ ಸರಿಸಿದರೆ ಕಚ್ಚು ಬಿಡುತ್ತದೆ. ಉಪ್ಪು, ಸುಣ್ಣ, ಹೊಗೆಸೊಪ್ಪು ಹಾಕಿದರೂ ಬೀಳುತ್ತದೆ ನಿಜ, ಆದರೆ ಬೀಳುವಾಗ ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಕ್ಕಬಹುದು, ಸೋಂಕಿಗೆ ದಾರಿ. ಸುಣ್ಣ ಚರ್ಮವನ್ನು ಸುಡುವುದು ಬೇರೆ. ಜಿಗಣೆಯ ಎಂಜಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ ಅಷ್ಟು ಹೊತ್ತು ಸೋರುವುದು. ಸೋಪು ನೀರಿನಲ್ಲಿ ತೊಳೆದು, ಶುದ್ಧ ಬಟ್ಟೆ ಇಟ್ಟು ಒತ್ತಿ ಹಿಡಿದರೆ ಸಾಕು. ಆಮೇಲೆ ಹಲವು ದಿನ ತುರಿಸುವುದು ಎಂಜಲಿನ ಅಲರ್ಜಿ, ಸೋಂಕಲ್ಲ. ಅಲ್ಲಿ ಆ್ಯಂಟಿಬಯೋಟಿಕ್‌ಗೆ ಕೆಲಸವೇ ಇಲ್ಲ. ತಣ್ಣೀರು ಬಟ್ಟೆ, ಬೇಕಿದ್ದರೆ ದೊಡ್ಡವರಿಗೆ ರಾತ್ರಿ ಸಿಟ್ರಿಜಿನ್ 10 ಮಿಲಿಗ್ರಾಂ ಒಂದು. ಕೆಲವರಿಗೆ ನಿದ್ದೆ ಬರುತ್ತದೆ, ನುಂಗಿ ಜೀಪು ಓಡಿಸಬಾರದು. ಕಚ್ಚಿದ ಜಾಗ ದಿನೇ ದಿನೇ ಊದಿ, ಬಿಸಿಯಾಗಿ, ಕೀವು ಕಟ್ಟಿದರೆ ಮಾತ್ರ ವೈದ್ಯರು.

ಬೋರ್ಡೋ: ಮೈಲುತುತ್ತ ಮತ್ತು ಸುಣ್ಣ. ಚರ್ಮಕ್ಕೆ ಬಿದ್ದರೆ ಮೊದಲ ಮದ್ದು ನೀರು, ಹರಿಯುವ ನೀರು, ಕಡಿಮೆಯೆಂದರೆ 20 ನಿಮಿಷ. ತೊಳೆಯದೆ ಕ್ರೀಮ್ ಸವರಿದರೆ ಸುಣ್ಣವನ್ನು ಚರ್ಮಕ್ಕೆ ಅಂಟಿಸಿದ ಹಾಗಾಗುತ್ತದೆ. ಕಣ್ಣಿಗೆ ಸಿಡಿದರೆ ಅಷ್ಟೇ ಹೊತ್ತು ಕಣ್ಣು ತೊಳೆದು ಕೂಡಲೇ ಆಸ್ಪತ್ರೆಗೆ ಹೊರಡಿ.

ಕಂಬಳಿ ಹುಳು: ಉಜ್ಜಬೇಡಿ. ಅಂಟುವ ಟೇಪನ್ನು ಮೇಲಿಟ್ಟು ಎತ್ತಿದರೆ ರೋಮ ಅದಕ್ಕೇ ಅಂಟಿ ಬರುತ್ತದೆ. ಮೂರು ನಾಲ್ಕು ಸಲ ಹೊಸ ಟೇಪಿನಲ್ಲಿ ಮಾಡಿ, ನಂತರ ತೊಳೆಯಿರಿ.

ಪೆಟ್ಟಿಗೆಯಲ್ಲಿ ಸೋಪು, ಗಾಜ್ ಬಟ್ಟೆ, ಪೊವಿಡೋನ್ ಅಯೋಡಿನ್, ವ್ಯಾಸಲೀನ್, ಅಂಟು ಟೇಪು ಇಡಿ. ಸಾಕು.

ಸಿಸ್ಟರ್_ನಾಪೋಕ್ಲು

ಹಚ್ಚುವ ಕ್ರಮ ನಾನು ಹೇಳುತ್ತೇನೆ. ಮದ್ದು ಸರಿ ಇದ್ದೂ ಕೈ ತಪ್ಪುವುದೇ ಹೆಚ್ಚು.

ಬೆರಳ ತುದಿಯ ಅಳತೆ ಎಂದು ಒಂದಿದೆ. ತೋರುಬೆರಳನ್ನು ಮಲಗಿಸಿ ಹಿಡಿಯಿರಿ. ತುದಿಯಿಂದ ಮೊದಲ ಗೆಣ್ಣಿನ ಮಡಿಕೆವರೆಗೆ ಒಂದೇ ಗೆರೆಯಾಗಿ ಕ್ರೀಮ್ ಹಿಂಡಿ. ಅದು ಸುಮಾರು ಅರ್ಧ ಗ್ರಾಂ. ದೊಡ್ಡವರ ಎರಡು ಅಂಗೈ ಅಗಲಕ್ಕೆ, ಬೆರಳೂ ಸೇರಿಸಿ, ಅಷ್ಟು ಸಾಕು. ಒಂದು ಅಂಗೈ ಅಗಲದ ಗಾಯಕ್ಕೆ ಅದರರ್ಧ. ಈ ಲೆಕ್ಕ ಟ್ಯೂಬಿನ ಬಾಯಿ 5 ಮಿಲಿಮೀಟರ್ ಅಗಲ ಇದ್ದಾಗಿನದು. 5 ಗ್ರಾಂನ ಪುಟ್ಟ ಟ್ಯೂಬುಗಳ ಬಾಯಿ ಇನ್ನೂ ಕಿರಿದಾಗಿದ್ದರೆ ಗೆರೆ ಸಪೂರ ಬರುತ್ತದೆ, ಮದ್ದೂ ಕಡಿಮೆ ಬೀಳುತ್ತದೆ. ಅದನ್ನು ನೋಡಿಕೊಳ್ಳಿ.

ಹಸ್ತದ ಎರಡೂ ಬದಿಗೆ ಒಂದು ಅಳತೆ. ಪಾದಕ್ಕೆ ಎರಡು. ಪೂರ್ತಿ ತೋಳಿಗೆ ಮೂರು, ಪೂರ್ತಿ ಕಾಲಿಗೆ ಆರು. ಇದರಿಂದ ಟ್ಯೂಬಿನ ಲೆಕ್ಕವೂ ಸಿಗುತ್ತದೆ. ಒಂದು ಹಸ್ತಕ್ಕೆ ದಿನಕ್ಕೆ ಎರಡು ಸಲ ಎಂದರೆ ದಿನಕ್ಕೆ 1 ಗ್ರಾಂ, ಏಳು ದಿನಕ್ಕೆ 7 ಗ್ರಾಂ, 10 ಗ್ರಾಂ ಟ್ಯೂಬ್ ಬೇಕಾದಷ್ಟಾಯಿತು. ಅದು ಮೂರೇ ದಿನಕ್ಕೆ ಮುಗಿದರೆ ದಪ್ಪ ಬಳಿಯುತ್ತಿದ್ದೀರಿ. ತಿಂಗಳಾದರೂ ಮುಗಿಯದಿದ್ದರೆ ಒಂದೋ ಮದ್ದು ಸಾಕಷ್ಟು ಬೀಳುತ್ತಿಲ್ಲ, ಅಥವಾ ನಿಲ್ಲಿಸಬೇಕಾದ ದಿನ ಯಾವತ್ತೋ ದಾಟಿದೆ.

ಹಚ್ಚುವ ಮೊದಲು ಹಕ್ಕಳೆ ನೋಡಿ. ಅದರ ಮೇಲೆ ಸವರಿದ ಮದ್ದು ಕೆಳಗಿಳಿಯುವುದಿಲ್ಲ. ಕುದಿಸಿ ಆರಿಸಿದ ಉಗುರುಬೆಚ್ಚಗಿನ ನೀರಲ್ಲಿ ಶುದ್ಧ ಬಟ್ಟೆ ಅದ್ದಿ ಹತ್ತು ನಿಮಿಷ ಅದರ ಮೇಲಿಡಿ. ಹಕ್ಕಳೆ ನೆನೆದು ತಾನೇ ಬಿಡುತ್ತದೆ, ಬಿಟ್ಟಷ್ಟನ್ನು ಮಾತ್ರ ಮೆಲ್ಲಗೆ ಒರೆಸಿ. ಉಗುರಲ್ಲಿ ಕೀಳಬೇಡಿ. ಒತ್ತಿ ಒಣಗಿಸಿ. ಗೆರೆಯನ್ನು ಅಲ್ಲಲ್ಲಿ ಚುಕ್ಕಿ ಇಟ್ಟು, ರೋಮ ಹೋಗುವ ದಿಕ್ಕಿಗೇ ತೆಳುವಾಗಿ ಸವರಿ. ಬಿಳಿ ಪದರ ಉಳಿಯಿತೆಂದರೆ ಹೆಚ್ಚಾಯಿತು. ಕೈಗೇ ಹಚ್ಚಿದ್ದಲ್ಲದಿದ್ದರೆ ಕೂಡಲೇ ಕೈ ತೊಳೆಯಿರಿ. ಕಣ್ಣು ಉಜ್ಜುವ ಅಭ್ಯಾಸ ಎಲ್ಲರಿಗೂ ಇದೆ. ಕೈಗೆ ಹಚ್ಚುವುದಾದರೆ ರಾತ್ರಿ ಅಡುಗೆ, ಪಾತ್ರೆ, ದನದ ಕೊಟ್ಟಿಗೆ ಎಲ್ಲ ಮುಗಿದ ಮೇಲೆ.

ತೆಂಗಿನೆಣ್ಣೆ ಅಥವಾ ಮಾಯಿಶ್ಚರೈಸರ್ ಹಚ್ಚುವುದಿದ್ದರೆ ಎರಡಕ್ಕೂ ನಡುವೆ ಅರ್ಧ ಗಂಟೆ ಬಿಡಿ. ಒಟ್ಟಿಗೆ ಕಲಸಿದರೆ ಮದ್ದು ತೆಳುವಾಗಿ, ಬೇಡದ ಜಾಗಕ್ಕೂ ಹರಿಯುತ್ತದೆ. ಒಂದು ಹೊತ್ತು ಮರೆತರೆ ಮುಂದಿನ ಹೊತ್ತಿಗೆ ಎರಡರಷ್ಟು ಹಚ್ಚಬೇಡಿ.

ಇನ್ನೊಂದು ಮಾತು. ಮಳೆಗಾಲದಲ್ಲಿ ಬಟ್ಟೆಯನ್ನೂ ಮೈಯನ್ನೂ ಒಲೆಯ ಮುಂದೆಯೇ ಒಣಗಿಸುವುದು. ಮುಲಾಮಿನ ಜಿಡ್ಡು ಕುಡಿದ ಬಟ್ಟೆಗೆ ಕಿಡಿ ತಾಗಿದರೆ ಬೇಗ ಹೊತ್ತಿಕೊಳ್ಳುತ್ತದೆ. ಕಟ್ಟಿದ ಬ್ಯಾಂಡೇಜಿಗೂ ಇದೇ ಮಾತು. ಹಚ್ಚಿಕೊಂಡು ಒಲೆಗೆ ಒತ್ತಿ ಕೂರಬೇಡಿ.

ತೋಟ_ಸಿದ್ದಾಪುರ

ಸಿಸ್ಟರ್, ಬೆಳಿಗ್ಗೆ ಎಂಟಕ್ಕೆ ಗಂಬೂಟು ಹಾಕಿದರೆ ಸಂಜೆವರೆಗೆ ತೆಗೆಯುವುದಿಲ್ಲ. ಪಾದದ ಇಸಬಿಗೆ ಬರೆದುಕೊಟ್ಟಿದ್ದರೆ ಬೆಳಗಿನ ಹೊತ್ತಿನದು ಏನು ಮಾಡುವುದು?

ಸಿಸ್ಟರ್_ನಾಪೋಕ್ಲು

ಅಣ್ಣ, ಇದು ಚೀಟಿ ಬರೆಸುವಾಗಲೇ ವೈದ್ಯರಿಗೆ ಹೇಳಬೇಕಾದ ವಿಷಯ. ಗಂಬೂಟಿನೊಳಗೆ ಗಾಳಿ ಆಡುವುದಿಲ್ಲ, ಬೆವರು ಆರುವುದಿಲ್ಲ, ಪ್ಲಾಸ್ಟಿಕ್ ಸುತ್ತಿ ಕಟ್ಟಿದ ಹಾಗೇ. ಹಾಗೆ ಮುಚ್ಚಿದ ಚರ್ಮ ಸ್ಟೀರಾಯ್ಡನ್ನು ಹಲವು ಪಟ್ಟು ಹೆಚ್ಚು ಹೀರುತ್ತದೆ, ಸೋಂಕೂ ಹೆಚ್ಚುತ್ತದೆ. ವೈದ್ಯರು ಒಪ್ಪಿದರೆ ಸಂಜೆ ಕಾಲು ತೊಳೆದು ಒಣಗಿಸಿದ ಮೇಲೆ ದಿನಕ್ಕೊಂದೇ ಸಲ ಹಚ್ಚುವಂತೆ ಬದಲಿಸಿಕೊಡುತ್ತಾರೆ. ಎರಡು ಹೊತ್ತೂ ಬೇಕೇಬೇಕು ಎಂದರೆ ಎದ್ದ ಕೂಡಲೇ ಹಚ್ಚಿ, ಬೂಟು ಹಾಕಲು ಅರ್ಧ ಗಂಟೆಯಾದರೂ ಬಿಡಿ. ಹತ್ತಿ ಕಾಲುಚೀಲ ಎರಡು ಜೊತೆ ಇರಲಿ, ಮಧ್ಯಾಹ್ನ ಊಟದ ಹೊತ್ತಿಗೆ ಒಂದು ಬದಲಿಸಿ.

ಕಾಲ್ಬೆರಳ ಸಂದಿಯಲ್ಲಿ ಬೆಳ್ಳಗೆ ನೆನೆದು ಬಿರಿಯುವ ಕೆಸರು ಹುಣ್ಣು ಬೇರೆಯದೇ. ಅದರಲ್ಲಿ ಹೆಚ್ಚಿನದು ಫಂಗಸ್. ಅದಕ್ಕೆ ಈ ಟ್ಯೂಬ್ ಬೇಡ.

ಅಂಗನವಾಡಿ_ಸೋಮವಾರಪೇಟೆ

ಮಕ್ಕಳ ವಿಷಯ ಯಾರೂ ಎತ್ತಲಿಲ್ಲ. ಮನೆಯಲ್ಲಿರುವ ದೊಡ್ಡವರ ಟ್ಯೂಬನ್ನೇ ಮಗುವಿನ ಕೆನ್ನೆಗೆ, ಡೈಪರ್ ಜಾಗದ ಕೆಂಪಿಗೆ ಸವರುವ ತಾಯಂದಿರು ಬಹಳ. "ಸ್ವಲ್ಪವೇ ಅಲ್ವಾ ಟೀಚರ್" ಅನ್ನುತ್ತಾರೆ. ಅವರಿಗೆ ಅರ್ಥವಾಗುವ ಹಾಗೆ ಏನು ಹೇಳಬಹುದು?

ಚರ್ಮವೈದ್ಯೆ_ಮಡಿಕೇರಿ

ಅಕ್ಕ, ಅಂಕಿ ಹೇಳಿದರೆ ಮನಸ್ಸಿಗೆ ನಾಟುತ್ತದೆ. 1967ರಲ್ಲಿ ಫೆಲ್ಡ್‌ಮನ್, ಮೈಬಾಕ್ ಎಂಬ ಇಬ್ಬರು ಹೈಡ್ರೊಕಾರ್ಟಿಸೋನನ್ನು ದೇಹದ ಬೇರೆ ಬೇರೆ ಜಾಗಕ್ಕೆ ಹಚ್ಚಿ ಎಷ್ಟು ಒಳಗಿಳಿಯುತ್ತದೆ ಎಂದು ಅಳೆದರು. ಮುಂಗೈ ಚರ್ಮ ಹೀರುವುದನ್ನು ಒಂದು ಎಂದಿಟ್ಟುಕೊಂಡರೆ ಅಂಗಾಲು ಅದರ ಏಳರಲ್ಲೊಂದು ಪಾಲು ಮಾತ್ರ ಹೀರಿತು. ಹಣೆ ಆರು ಪಟ್ಟು, ದವಡೆ 13 ಪಟ್ಟು, ವೃಷಣದ ಚರ್ಮ 42 ಪಟ್ಟು. ಇದು ದೊಡ್ಡವರ ಮೈ. ಮಗುವಿನ ಚರ್ಮ ಇದಕ್ಕಿಂತ ಎಳೆಯದು, ತೂಕಕ್ಕೆ ಹೋಲಿಸಿದರೆ ಮೈ ಅಗಲ ಜಾಸ್ತಿ. ಮೇಲೆ ಡೈಪರ್ ಬಿಗಿದರೆ ಸಿಸ್ಟರ್ ಹೇಳಿದ ಗಂಬೂಟಿನ ಲೆಕ್ಕವೇ. ಅಂಗಾಲಿಗೆ ಬರೆದ ಮದ್ದು ಮಗುವಿನ ಕೆನ್ನೆಗೆ ಹೋಗುವುದೆಂದರೆ ಏನೆಂದು ಇದರಲ್ಲೇ ಕಾಣುತ್ತದೆ.

ತುಂಬ ದಿನ, ತುಂಬ ಜಾಗಕ್ಕೆ ಹಚ್ಚಿದರೆ ಮದ್ದು ರಕ್ತಕ್ಕೆ ಸೇರಿ, ದೇಹಕ್ಕೆ ಬೇಕಾದ ಸ್ಟೀರಾಯ್ಡನ್ನು ತಾನೇ ತಯಾರಿಸುವ ಮಗುವಿನ ಅಡ್ರಿನಲ್ ಗ್ರಂಥಿ ತನ್ನ ಕೆಲಸ ನಿಲ್ಲಿಸಬಹುದು, ಬೆಳವಣಿಗೆ ಕುಂಠಿತವಾಗಬಹುದು. ಡೈಪರ್ ಕೆಂಪಿಗೆ ಮೊದಲು ಬೇಕಾದದ್ದು ಡೈಪರ್ ಬಿಚ್ಚಿ ಗಾಳಿಗೆ ಬಿಡುವುದು, ಪ್ರತಿಸಲ ನೀರಲ್ಲಿ ತೊಳೆದು ಒಣಗಿಸುವುದು, ಜಿಂಕ್ ಆಕ್ಸೈಡ್ ಮುಲಾಮು. ಮಡಿಕೆಯೊಳಗೂ ಕೆಂಪಾಗಿ ಸುತ್ತ ಸಣ್ಣ ಚುಕ್ಕಿ ಇದ್ದರೆ ಅದು ಕ್ಯಾಂಡಿಡಾ ಫಂಗಸ್ ಇರಬಹುದು, ತೋರಿಸಿ. ಹಾಲೂಡಿಸುವ ತಾಯಿ ಎದೆತೊಟ್ಟಿಗೆ ಇದನ್ನು ಹಚ್ಚಬಾರದು.

ಮುಖ ದೊಡ್ಡವರದಾದರೂ ಅಷ್ಟೇ. ಬೆಳ್ಳಗಾಗಲು, ಮೊಡವೆ ಕಲೆಗೆ ಎಂದು ಇದನ್ನು ಹಚ್ಚುವುದು ನಿಲ್ಲಲೇಬೇಕು. ಮೊದಲು ಹೊಳಪು ಬರುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ ಸಣ್ಣ ಕೆಂಪು ರಕ್ತನಾಳಗಳು ಮೇಲೆ ಕಾಣುತ್ತವೆ, ಬಾಯಿ ಸುತ್ತ ಗುಳ್ಳೆ, ಹೆಣ್ಣುಮಕ್ಕಳ ಕೆನ್ನೆಯಲ್ಲಿ ರೋಮ, ಬಿಸಿಲಿಗೆ ಉರಿ. ಕಣ್ಣಿನ ರೆಪ್ಪೆಗೆ ಹೋದರೆ ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು. ತಿಂಗಳುಗಟ್ಟಲೆ ಹಚ್ಚಿದವರು ಒಮ್ಮೆಲೇ ಬಿಟ್ಟರೆ ಕೆಲವೇ ದಿನಗಳಲ್ಲಿ ಮುಖ ಕೆಂಡದಂತಾಗುತ್ತದೆ. ಆ ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬಿಗೆ ಕೈ ಹಾಕುತ್ತಾರೆ. ಅಂಥವರು ತಾವಾಗಿ ನಿಲ್ಲಿಸುವ ಬದಲು ವೈದ್ಯರ ಹತ್ತಿರ ಬರಲಿ, ಬಲ ಇಳಿಸುತ್ತಾ ಬಿಡಿಸಬಹುದು. ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಲೈನ್‌ಮನೆ_ಸುಂಟಿಕೊಪ್ಪ

ತೋಟದ ಕೆಲಸಗಾರರ ಲೈನ್ ಮನೆಗಳಲ್ಲಿ ರಾತ್ರಿ ಹೊತ್ತು ಎಲ್ಲರೂ ಕೆರೆಯುತ್ತಾರೆ. ಬೆರಳ ಸಂದಿ, ಮಣಿಕಟ್ಟು, ಸೊಂಟ. ಕೀವೂ ಇದೆ. ಒಂದೇ ಟ್ಯೂಬ್ ಮೂರು ಮನೆಗೆ ಸುತ್ತುತ್ತಿದೆ.

ಚರ್ಮವೈದ್ಯೆ_ಮಡಿಕೇರಿ

ನೀವು ಹೇಳಿದ ಜಾಗಗಳು, ರಾತ್ರಿ ಹೆಚ್ಚುವುದು, ಮನೆಮಂದಿಗೆಲ್ಲ ಇರುವುದು, ಮೂರನ್ನೂ ನೋಡಿದರೆ ತುರಿಗಜ್ಜಿ. ಅದು ಹುಳದ ಕಾಯಿಲೆ. ಸ್ಟೀರಾಯ್ಡ್ ಹಚ್ಚಿದರೆ ತುರಿಕೆ ಅಡಗುತ್ತದೆ, ಹುಳ ಹೆಚ್ಚುತ್ತದೆ, ಪಕ್ಕದ ಮನೆಗೆ ದಾಟುತ್ತದೆ. ಟ್ಯೂಬ್ ಸುತ್ತುವುದು ಇವತ್ತೇ ನಿಲ್ಲಲಿ. ಆರೋಗ್ಯ ಕೇಂದ್ರದಲ್ಲಿ ತೋರಿಸಿ ಖಾತ್ರಿ ಮಾಡಿಕೊಂಡು ಪರ್ಮೆತ್ರಿನ್ ಶೇ. 5ರ ಕ್ರೀಮ್ ಬರೆಸಿಕೊಳ್ಳಿ. ಕುತ್ತಿಗೆಯಿಂದ ಕೆಳಗೆ ಮೈಯಿಡೀ, ಉಗುರಿನ ಕೆಳಗೂ ಬೆರಳ ಸಂದಿಗೂ ಬಿಡದೆ ರಾತ್ರಿ ಹಚ್ಚಿ, ಬೆಳಿಗ್ಗೆ ತೊಳೆಯುವುದು. ಎಂಟು ಗಂಟೆಯಾದರೂ ಮೈಮೇಲಿರಬೇಕು, ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಂ. ಒಂದು ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಇದ್ದವರು, ಇಲ್ಲದವರು, ಒಟ್ಟಿಗೆ ಇರುವ ಎಲ್ಲರೂ ಒಂದೇ ರಾತ್ರಿ. ಒಬ್ಬರು ಬಿಟ್ಟರೂ ಮತ್ತೆ ಶುರು. ಹಸುಗೂಸು ಮತ್ತು ಗರ್ಭಿಣಿಯರಿಗೆ ಹೇಗೆಂದು ಅಲ್ಲೇ ಕೇಳಿ.

ಬಿಸಿಲಿಲ್ಲದ ಕಾಲ, ಕಂಬಳಿ ಒಗೆದರೆ ಒಣಗುವುದಿಲ್ಲ. ಒಗೆಯಲಾಗದ್ದನ್ನು ದೊಡ್ಡ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಬಿಗಿದು ಒಂದು ವಾರ ಮುಟ್ಟದೆ ಇಡಿ. ಹುಳ ಮೈ ಬಿಟ್ಟು ಅಷ್ಟು ದಿನ ಬದುಕುವುದಿಲ್ಲ. ಮದ್ದು ಆದ ಮೇಲೂ ಎರಡರಿಂದ ನಾಲ್ಕು ವಾರ ತುರಿಕೆ ಉಳಿಯಬಹುದು, ಹೆದರಬೇಡಿ.

ಮೆಡಿಕಲ್ಸ್_ಗೋಣಿಕೊಪ್ಪ

ದಿನದ ಲೆಕ್ಕ ಇನ್ನೂ ಬಂದಿಲ್ಲ, ಅದನ್ನು ಸೇರಿಸುತ್ತೇನೆ. ಮೇಡಂ ತಪ್ಪಿದ್ದರೆ ತಿದ್ದಿ.

ಚೀಟಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದು ವಾರ. ಎರಡು ವಾರ ದಾಟಬಾರದು. ದಾಟಿದರೆ ಒಂದು ಕಡೆ ಚರ್ಮ ತೆಳುವಾಗುವ ಭಯ, ಇನ್ನೊಂದು ಕಡೆ ಆ್ಯಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಬಗ್ಗದಾಗುವ ಭಯ. ಫ್ಯೂಸಿಡಿಕ್ ಆ್ಯಸಿಡ್‌ಗೆ ಇದು ಬೇಗ ಆಗುತ್ತದೆ. ಟ್ಯೂಬ್ ಕೊಡುವಾಗ ಮಾರ್ಕರ್ ಪೆನ್ನಿನಲ್ಲಿ ಟ್ಯೂಬಿನ ಮೇಲೆಯೇ ಮೂರು ಬರೆಯಿರಿ: ಯಾರಿಗೆ, ಯಾವ ಜಾಗಕ್ಕೆ, ಯಾವ ತಾರೀಕಿಗೆ ನಿಲ್ಲಿಸಬೇಕು. ಡಬ್ಬಿಯ ಮೇಲೆ ಬರೆದರೆ ಪ್ರಯೋಜನವಿಲ್ಲ, ಡಬ್ಬಿ ಮೊದಲ ದಿನವೇ ಒಲೆಗೆ ಹೋಗುತ್ತದೆ. ಕ್ಲೊಬೆಟಸಾಲ್ ಇದ್ದರೆ ಇನ್ನೂ ಬಿಗಿ, ದೊಡ್ಡವರಿಗೂ ವಾರಕ್ಕೆ 50 ಗ್ರಾಂ ಮೀರಬಾರದು. ಸಕ್ಕರೆ ಕಾಯಿಲೆಯವರು ಮೈತುಂಬ ಹಚ್ಚಿದರೆ ರಕ್ತದ ಸಕ್ಕರೆಯೂ ಏರಬಹುದು.

ಚರ್ಮವೈದ್ಯೆ_ಮಡಿಕೇರಿ

ಸರಿಯಾಗಿದೆ ಸರ್. ನಿಯೊಮೈಸಿನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಅದಕ್ಕೇ ಅಲರ್ಜಿ ಆಗುವವರಿದ್ದಾರೆ. ಬರೀ ನಿಯೊಮೈಸಿನ್ ಆಗಿದ್ದರೆ ಕೆಂಪೆದ್ದು ಗೊತ್ತಾಗುತ್ತಿತ್ತು. ಇಲ್ಲಿ ಜೊತೆಗಿರುವ ಸ್ಟೀರಾಯ್ಡ್ ಆ ಕೆಂಪನ್ನು ಮುಚ್ಚಿಡುತ್ತದೆ, ಗಾಯ ಹೆಚ್ಚೂ ಆಗದೆ ವಾಸಿಯೂ ಆಗದೆ ಹಾಗೇ ನಿಲ್ಲುತ್ತದೆ. ಏಳು ದಿನಕ್ಕೂ ಹಾಗೇ ಇದ್ದರೆ ಇದನ್ನು ಅನುಮಾನಿಸಬೇಕು. ನಿಯೊಮೈಸಿನ್ ಆಗದವರಿಗೆ ಜೆಂಟಾಮೈಸಿನ್ ಕೂಡ ಆಗದಿರಬಹುದು, ಅದರ ಬದಲು ಇದು ಎಂದು ತಾವೇ ಬದಲಿಸಬೇಡಿ. ಎರಡನ್ನೂ ದೊಡ್ಡ ಹಸಿ ಗಾಯಕ್ಕೆ ಹಚ್ಚಬಾರದು, ರಕ್ತಕ್ಕೆ ಸೇರಿದರೆ ಕಿವಿಗೆ ಪೆಟ್ಟು.

ಏಳು ದಿನ ಕಾಯದೆ ಅವತ್ತೇ ಬರಬೇಕಾದದ್ದೂ ಇದೆ. ಕೆಂಪು ಗಂಟೆಗಂಟೆಗೆ ಹರಡುತ್ತಿದ್ದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಎದ್ದರೆ, ಜ್ವರ ಬಂದರೆ, ಇಸಬಿನ ಮೇಲೆ ಒಂದೇ ಅಳತೆಯ, ಮೊಳೆಯಲ್ಲಿ ಕೊರೆದಂಥ ಸಣ್ಣ ಹುಣ್ಣುಗಳು ಒಟ್ಟಿಗೆ ಎದ್ದು ನೋಯುತ್ತಿದ್ದರೆ. ಕೊನೆಯದು ಹರ್ಪಿಸ್ ವೈರಸ್. ಅದಕ್ಕೆ ನುಂಗುವ ಮದ್ದು ತಡವಿಲ್ಲದೆ ಬೇಕು, ಕ್ರೀಮಿನಿಂದ ಆಗುವುದಿಲ್ಲ.

ತೋಟ_ಸಿದ್ದಾಪುರ

ವಾಸಿಯಾದ ಮೇಲೆ ಉಳಿದ ಅರ್ಧ ಟ್ಯೂಬ್? ಹೊಸದು, ಬಿಸಾಡಲು ಮನಸ್ಸು ಬರುವುದಿಲ್ಲ.

ಮೆಡಿಕಲ್ಸ್_ಗೋಣಿಕೊಪ್ಪ

ಅರ್ಥವಾಗುತ್ತದೆ ಅಣ್ಣ. ಆದರೆ ಮುಂದಿನ ತಪ್ಪು ಬಳಕೆ ಶುರುವಾಗುವುದು ಆ ಅರ್ಧ ಟ್ಯೂಬಿನಿಂದಲೇ. ಉಳಿದದ್ದನ್ನು ಹಳೇ ಪೇಪರಿಗೆ ಪೂರ್ತಿ ಹಿಂಡಿ, ಕಾಫಿ ಚರಟದ ಜೊತೆ ಕಲಸಿ, ಕವರಿನಲ್ಲಿ ಕಟ್ಟಿ ಕಸಕ್ಕೆ ಹಾಕಿ. ತೋಡಿಗೆ ಬೇಡ, ಕೊಟ್ಟಿಗೆ ಗೊಬ್ಬರಕ್ಕೂ ಬೇಡ. ಖಾಲಿ ಟ್ಯೂಬನ್ನು ಮಾತ್ರ ಚೀಟಿಯ ಜೊತೆ ತೆಗೆದಿಡಿ, ಮುಂದಿನ ಸಲ ವೈದ್ಯರಿಗೆ ತೋರಿಸಲು ಬೇಕು. ಇನ್ನು ಮೇಲೆ ಚೀಟಿ ಬರೆಸುವಾಗಲೇ ಸಿಸ್ಟರ್ ಹೇಳಿದ ಲೆಕ್ಕ ಹಾಕಿ 5 ಗ್ರಾಂ ಸಾಕೋ 10 ಬೇಕೋ ಕೇಳಿ. ಅಂಗೈ ಅಗಲದ ಗಾಯಕ್ಕೆ ದಿನಕ್ಕೆರಡು ಸಲ, ಏಳು ದಿನಕ್ಕೆ ಬೇಕಾಗುವುದು ಮೂರೂವರೆ ಗ್ರಾಂ.